ಕೆಟ್ಟು ನಿಂತ ಹಳೆ ಕಾರನ್ನು ಮನೆಯಲ್ಲೇ ಎಬ್ಬಿಸುವುದು ಹೇಗೆ?

"ಹಳೆ ಕಾರೊಂದು ಅಗ್ಗಕ್ಕೆ ಸಿಕ್ಕಿದೆ. ವರ್ಷಗಟ್ಟಲೆ ನಿಂತಿತ್ತಂತೆ, ಸ್ಟಾರ್ಟ್ ಆಗುತ್ತಿಲ್ಲ. ಮೊದಲು ಏನನ್ನು ಬದಲಾಯಿಸಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಬಹಳಷ್ಟು ಜನ ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಪೆಟ್ರೋಲ್ ಪಂಪ್ ಎಲ್ಲವನ್ನೂ ತಂದಿಟ್ಟುಕೊಂಡಿರುತ್ತಾರೆ. ಕೈ ಸುಡುವುದೇ ಅಲ್ಲಿ. ಚೆನ್ನಾಗಿಯೇ ಇದ್ದ ಭಾಗವನ್ನು ಊಹೆಯ ಮೇಲೆ ಕಿತ್ತು ಹೊಸದು ಹಾಕುವುದಕ್ಕೇ ಹಳೆ ಗಾಡಿಯಲ್ಲಿ ಹೆಚ್ಚು ದುಡ್ಡು ಹೋಗುತ್ತದೆ. ಹಾಗಾಗಿ ಮೊದಲು ಊಹೆಯ ಮೇಲೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ, ಪರೀಕ್ಷೆ ಮಾಡಿ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್‌ನಲ್ಲಿ ಓಡುವ, ಕೈಯಲ್ಲಿ ಗೇರ್ ಹಾಕುವ ಸಾಧಾರಣ ನಾಲ್ಕು ಸಿಲಿಂಡರ್ ಕಾರಿನ ವಿಷಯ. ಈಚಿನ ಡೀಸೆಲ್ ಕಾರುಗಳ ಇಂಧನದ ಪೈಪಿನಲ್ಲಿ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಸೂಜಿಮೊನೆಯಷ್ಟು ಸೋರಿದರೂ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ಅವೆರಡನ್ನೂ ಮನೆಯಂಗಳದಲ್ಲಿ ಕಲಿಯಲು ಹೋಗಬೇಡಿ.

1. ಉಳಿಯುವ ಗಾಡಿಯೇ ನೋಡಿ

ಎಂಜಿನ್ ಕೈಕೊಟ್ಟರೆ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಬಹುದು. ಗೇರ್‌ಬಾಕ್ಸೂ ಹಾಗೆಯೇ. ಆದರೆ ಗಾಡಿಯ ಭಾರ ಹೊರುವ ಲೋಹವನ್ನೇ ತುಕ್ಕು ತಿಂದಿದ್ದರೆ ಕಡಿಮೆ ಖರ್ಚಿನ ದಾರಿ ಯಾವುದೂ ಇಲ್ಲ. ಅದಕ್ಕೇ ಬಾನೆಟ್ ಎತ್ತುವ ಮೊದಲು ಕೆಳಗೆ ನೋಡಿ. ಒಂದು ಟಾರ್ಚು, ಹಳೆಯದೊಂದು ಸ್ಕ್ರೂಡ್ರೈವರ್, ಸಣ್ಣ ಅಯಸ್ಕಾಂತ ಇದ್ದರೆ ಸಾಕು.

ನೋಡಬೇಕಾದ ಜಾಗಗಳು ಇವು: ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬಂದು ಬಾಡಿಗೆ ಸೇರುವ ಕಡೆ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್‌ನ ತಲೆ ಕೂರುವ ಗುಮ್ಮಟ, ಕಾರ್ಪೆಟ್ ಕೆಳಗಿನ ನೆಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ತುಕ್ಕು ಹಿಡಿದು ಪದರು ಬಿಟ್ಟಲ್ಲಿ ಸದ್ದು ಮಂಕಾಗುತ್ತದೆ. ಮಂಕಾದಲ್ಲಿ ಮೊನೆಯಿಂದ ಒತ್ತಿ. ಹಕ್ಕಳೆ ಉದುರಿ ಒಳಗೆ ಗಟ್ಟಿ ಲೋಹ ತಗುಲಿದರೆ ಚಿಂತೆಯಿಲ್ಲ. ಮೊನೆ ಒಳಕ್ಕಿಳಿದರೆ ಅಲ್ಲಿ ವೆಲ್ಡಿಂಗ್ ಆಗಬೇಕು. ಕಬ್ಬಿಣದ ಬಾಡಿಯಲ್ಲಿ ಅಯಸ್ಕಾಂತ ಅಂಟದ ಕಡೆ ಬಣ್ಣದಡಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದೇ ತಿಳಿಯಿರಿ. ಸಿಲ್ ಒಂದೆಡೆ ತೂತಾಗಿದ್ದರೆ ಒಬ್ಬ ಒಳ್ಳೆಯ ವೆಲ್ಡರ್ ಸರಿಮಾಡುತ್ತಾನೆ. ಎರಡು ಕಡೆ ಸಿಲ್ಲೂ ಹೋಗಿ, ಸಸ್ಪೆನ್ಷನ್ ಹಿಡಿಯುವ ಜಾಗವೂ ಹೋಗಿದ್ದರೆ ಆ ಗಾಡಿಯನ್ನು ಬಿಡಿಭಾಗಕ್ಕೆ ಮಾರುವುದೇ ಲೇಸು.

ನೀರಲ್ಲಿ ಮುಳುಗಿದ್ದ ಕಾರನ್ನಂತೂ ಮುಟ್ಟಲೇಬೇಡಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಸೀಟು, ಕಾರ್ಪೆಟ್ಟು ತೊಳೆದವರು ಸಾಮಾನ್ಯವಾಗಿ ಸುರುಳಿಯೊಳಗಿನ ಬೆಲ್ಟನ್ನು ಮರೆತಿರುತ್ತಾರೆ. ಅದರ ಮೇಲೆ ಕೆಸರಿನ ಗೆರೆ, ಸೀಟಿನ ಹಳಿಗಳಲ್ಲಿ ತುಕ್ಕು, ಹೆಡ್‌ಲೈಟಿನ ಒಳಗೆ ನೀರಿನ ಕಲೆ ಇವೆಲ್ಲ ಒಟ್ಟಿಗೆ ಕಂಡರೆ ಅನುಮಾನವೇ ಬೇಡ. ಅಂಥ ಗಾಡಿಯ ವೈರಿಂಗ್ ವರ್ಷಗಟ್ಟಲೆ ಒಂದಲ್ಲ ಒಂದು ತೊಂದರೆ ಕೊಡುತ್ತಲೇ ಇರುತ್ತದೆ.

ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಕಾಗದಪತ್ರದ ಜತೆ ಹೋಲಿಸಿ ನೋಡಿ. ಕಾಗದ ಸರಿಯಿಲ್ಲದ ಗಾಡಿಯನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ರಸ್ತೆಗೆ ಇಳಿಸುವಂತಿಲ್ಲ.

ಆಮೇಲೆ ಒಂದು ನೋಟ್‌ಬುಕ್ ತೆಗೆದು ಮೂರು ಪಟ್ಟಿ ಮಾಡಿ. ಸರಿಯಿಲ್ಲದಿದ್ದರೆ ಜೀವಕ್ಕೆ ಅಪಾಯವಾಗುವಂಥವು ಮೊದಲ ಪಟ್ಟಿಗೆ, ಸರಿಯಿಲ್ಲದಿದ್ದರೆ ಗಾಡಿ ಓಡದಂಥವು ಎರಡನೆಯದಕ್ಕೆ, ಆದರೆ ಚೆಂದ ಅನ್ನುವಂಥವು ಮೂರನೆಯದಕ್ಕೆ. ಗಾಡಿಗೆ ಕೊಟ್ಟ ದುಡ್ಡು, ಮೊದಲೆರಡು ಪಟ್ಟಿಯ ಖರ್ಚು, ಅದರ ಮೇಲೆ ಅನಿರೀಕ್ಷಿತಕ್ಕೆಂದು ಇನ್ನೊಂದು ಕಾಲುಭಾಗ ಸೇರಿಸಿ ಕೂಡಿ. ಅದೇ ಮಾಡೆಲ್ಲಿನ ಓಡುವ ಕಾರೊಂದು ಇಷ್ಟಕ್ಕೇ ಸಿಗುವಂತಿದ್ದರೆ ಈ ಕೆಲಸ ಉಳಿತಾಯಕ್ಕಾಗಿ ಅಲ್ಲ, ಹವ್ಯಾಸಕ್ಕಾಗಿ. ಹವ್ಯಾಸವಾದರೂ ತಪ್ಪೇನಿಲ್ಲ, ಆದರೆ ಮೊದಲೇ ಗೊತ್ತಿರಲಿ.

2. ಸಲಕರಣೆ ಮತ್ತು ಜಾಗ

ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ ಒಂದು ಬೇಕು. 8ರಿಂದ 19 ಮಿಲಿಮೀಟರ್ ತನಕ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಸಾಕೆಟ್ ಒಳಗೆ ಆರು ಮೂಲೆ ಇರುವುದನ್ನೇ ಕೊಳ್ಳಿ. ಹನ್ನೆರಡು ಮೂಲೆಯವು ತುಕ್ಕು ಹಿಡಿದ ಬೋಲ್ಟಿನ ತಲೆಯನ್ನು ಬೇಗ ಉರುಟು ಮಾಡಿಬಿಡುತ್ತವೆ. ವೋಲ್ಟ್ ಅಳೆಯುವ ಸಾಧಾರಣ ಮಲ್ಟಿಮೀಟರ್, ಹೈಡ್ರಾಲಿಕ್ ಜಾಕ್, ಎತ್ತಿದ ಗಾಡಿಯನ್ನು ಹೊರುವ ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್, ಆಯಿಲ್ ಹಿಡಿಯುವ ಅಗಲ ತಟ್ಟೆ, ತುಕ್ಕು ಬಿಡಿಸುವ ಎಣ್ಣೆ ಇರಲಿ. ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಇಷ್ಟೇ ಬಿಗಿ ಎಂದು ಅಳೆದು ಬಿಗಿಯುವ ಸ್ಪ್ಯಾನರ್. ಅದನ್ನೂ ಕಂಪ್ರೆಷನ್ ಗೇಜನ್ನೂ ಯಾರಿಂದಲಾದರೂ ಎರವಲು ತಂದರೆ ಸಾಕು. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಮಾತ್ರ ಹೇಗಾದರೂ ಹುಡುಕಿ ಇಟ್ಟುಕೊಳ್ಳಿ. ಈ ಲೇಖನದಲ್ಲಿರುವ ಅಂಕಿಗಳಿಗೂ ಮ್ಯಾನ್ಯುಯಲ್ಲಿಗೂ ವ್ಯತ್ಯಾಸ ಬಂದರೆ ಮ್ಯಾನ್ಯುಯಲ್ಲೇ ಸರಿ.

ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಗಾಡಿಯ ಕೆಳಗೆ ನುಸುಳುವ ಮೊದಲು ಸ್ಟ್ಯಾಂಡ್ ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗಾಡಿಯನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಎರಡು ಕೆಲಸಗಳನ್ನು ಕಲಿತವರಿಗೇ ಬಿಡಿ. ಒಂದು, ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗ್ ಬಿಚ್ಚುವುದು. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಜೀವ ತೆಗೆಯಬಲ್ಲದು. ಇನ್ನೊಂದು, ಏರ್‌ಬ್ಯಾಗ್. ಸ್ಟೀರಿಂಗ್ ಅಥವಾ ಡ್ಯಾಶ್‌ಬೋರ್ಡ್ ಕಡೆ ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ.

ಬಿಚ್ಚುವ ಮುನ್ನ ಫೋಟೋ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಬಿಚ್ಚಿದ ಬೋಲ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎಲ್ಲಿಯದೆಂದು ಬರೆದಿಡಿ. ಬಿಚ್ಚಿದ ಮೂರು ವಾರಕ್ಕೆ ಜೋಡಿಸಲು ಕೂತಾಗ ಯಾವ ಬೋಲ್ಟು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ.

3. ಎಂಜಿನ್ ತಿರುಗುತ್ತದೆಯೇ?

ಇಡೀ ಕೆಲಸದ ಹಣೆಬರಹ ಈ ಹಂತದಲ್ಲಿದೆ. ಬಹಳ ಜನ ಬ್ಯಾಟರಿ ತಂದು ಜೋಡಿಸಿ ನೇರವಾಗಿ ಕೀ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿನೊಳಗೆ ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರಿನ ಗೋಡೆ ಒಣಗಿರುತ್ತದೆ, ಅದರೊಳಗೆ ಓಡಾಡುವ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ತೆಳುವಾದ ತುಕ್ಕಿಗೆ ಅಂಟಿಕೊಂಡಿರಬಹುದು. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ, ಅಂದರೆ ಸ್ಟಾರ್ಟರ್ ಮೋಟರ್ ಬಲವಂತವಾಗಿ ತಿರುಗಿಸಿದರೆ, ರಿಂಗ್ ಮುರಿಯುವ ಸಾಧ್ಯತೆ ಇದೆ.

ಮೊದಲು ಏರ್ ಫಿಲ್ಟರಿನ ಪೆಟ್ಟಿಗೆ ತೆರೆಯಿರಿ. ಇಲಿಗೂಡು, ಒಣ ಎಲೆ, ಹರಿದ ಬಟ್ಟೆ ಸಿಗುವುದು ತೀರಾ ಸಾಮಾನ್ಯ. ಗೂಡು ಸಿಕ್ಕಿದರೆ ಅಕ್ಕಪಕ್ಕದ ವೈರುಗಳನ್ನು ಇಲಿ ಕಡಿದಿದೆಯೇ ಎಂದೂ ಈಗಲೇ ನೋಡಿ.

ಈಗ ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಆಯಿಲ್ ಉಜ್ಜಿ. ಕಪ್ಪಗಿದ್ದರೆ ಪರವಾಗಿಲ್ಲ, ಹಳೆಯದು ಅಷ್ಟೆ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ಲಿಗೆ ನೀರೋ, ಎಂಜಿನ್ ತಂಪಾಗಿಡುವ ಕೂಲಂಟೋ ಸೇರಿದೆ. ಆಗ ಮೊದಲು ಅನುಮಾನ ಪಡಬೇಕಾದ್ದು ಹೆಡ್ ಗ್ಯಾಸ್ಕೆಟ್ ಮೇಲೆ. ಎಂಜಿನ್ನಿನ ಬ್ಲಾಕಿಗೂ ಮೇಲಿನ ತಲೆಗೂ ನಡುವೆ ಕೂರುವ ತೆಳು ಹಾಳೆ ಅದು. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆಯಂತೆ ಕಂಡರೆ ಗಾಬರಿ ಬೇಡ, ಬರೀ ತೇವಾಂಶದಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಇಂಜೆಕ್ಟರ್ ಅಥವಾ ಕಾರ್ಬುರೇಟರಿನಿಂದ ಅದು ಕೆಳಗಿಳಿದಿದೆ. ಆ ಆಯಿಲ್ಲನ್ನು ಬದಲಾಯಿಸದೆ ಮುಂದೆ ಹೋಗಬೇಡಿ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಬ್ಯಾಟರಿ ಕಳಚಿರಲಿ. ಸಿಲಿಂಡರಿನೊಳಗೆ ಕಿಡಿ ಕೊಡುವ ಪ್ಲಗ್ಗುಗಳ ಸುತ್ತಲಿನ ಮಣ್ಣು ಊದಿ ತೆಗೆದು ಒಂದೊಂದನ್ನೇ ಬಿಚ್ಚಿ, ಕ್ರಮ ತಪ್ಪದಂತೆ ಸಾಲಾಗಿಡಿ. ತುದಿ ತಿಳಿ ಕಂದು ಬಣ್ಣದ್ದಾದರೆ ಆ ಸಿಲಿಂಡರ್ ಚೆನ್ನಾಗಿ ಉರಿದಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿತ್ತು, ಎಣ್ಣೆ ಜಿಡ್ಡಿದ್ದರೆ ಆಯಿಲ್ ಒಳಗೆ ಬರುತ್ತಿತ್ತು. ಒಂದು ಪ್ಲಗ್ ಮಾತ್ರ ಉಳಿದವಕ್ಕಿಂತ ಬೇರೆಯಾಗಿ ಕಂಡರೆ ಆ ಸಿಲಿಂಡರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರತಿ ತೂತಿನೊಳಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ, ಅಂದರೆ ಎಂಜಿನ್ನಿನ ಬದಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ದೊಡ್ಡ ಚಕ್ರದ ನಡುವಿನ ಬೋಲ್ಟಿಗೆ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ನಿಧಾನಕ್ಕೆ ತಿರುಗಿಸಿ. ಬಹುತೇಕ ಎಂಜಿನ್‌ಗಳು ಆ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಹೋಂಡಾದ ಕೆಲವು ಹಳೆ ಎಂಜಿನ್‌ಗಳು ಮಾತ್ರ ಇದಕ್ಕೆ ವಿರುದ್ಧ. ಎರಡು ಪೂರ್ತಿ ಸುತ್ತು ಸರಾಗವಾಗಿ ಬಂದರೆ ಅರ್ಧ ಗೆದ್ದಂತೆ. ಅಲುಗದಿದ್ದರೆ ಮೈಭಾರವೆಲ್ಲ ಹಾಕಿ ಜಗ್ಗಬೇಡಿ. ಇನ್ನಷ್ಟು ಎಣ್ಣೆ ಬಿಟ್ಟು, ದಿನಕ್ಕೊಮ್ಮೆ ಹಿಂದೆ ಮುಂದೆ ಕೂದಲೆಳೆಯಷ್ಟು ಅಲುಗಿಸಿ ನೋಡಿ. ಒಂದು ವಾರ ಹೀಗೆ ಮಾಡಿದ ಮೇಲೆ ಸಡಿಲಗೊಂಡು ತಿರುಗಿದ ಎಂಜಿನ್‌ಗಳು ಬೇಕಾದಷ್ಟಿವೆ. ಒಂದೆಡೆ ಮೆತ್ತಗೆ ತಿರುಗಿ ಇನ್ನೊಂದೆಡೆ ಟಕ್ಕೆಂದು ಲೋಹಕ್ಕೆ ಲೋಹ ತಗುಲಿದಂತಾದರೆ ಅಲ್ಲಿಗೇ ನಿಲ್ಲಿಸಿ. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವು ಪಿಸ್ಟನ್ನಿಗೆ ತಾಗುತ್ತಿರಬಹುದು.

ಇಲ್ಲೇ ಟೈಮಿಂಗ್ ಬೆಲ್ಟಿನ ಮಾತೂ ಬರುತ್ತದೆ. ವಾಲ್ವುಗಳು ಪಿಸ್ಟನ್ನಿನ ಜತೆ ಲಯ ತಪ್ಪದಂತೆ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಹಲ್ಲಿನ ಪಟ್ಟಿ ಅದು. ಕೆಲವು ಎಂಜಿನ್‌ಗಳಲ್ಲಿ ಅದರ ಬದಲು ಚೈನ್ ಇರುತ್ತದೆ. ಬೆಲ್ಟ್ ಇದ್ದು, ಯಾವಾಗ ಬದಲಾಯಿಸಿದ್ದೆಂಬ ದಾಖಲೆ ಇಲ್ಲದಿದ್ದರೆ ಎಂಜಿನ್ ಓಡಿಸುವ ಮೊದಲೇ ಬದಲಾಯಿಸಿ. ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ ಕ್ಷಣವೇ ಪಿಸ್ಟನ್ ಬಂದು ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ. ಬೆಲ್ಟಿನ ಜತೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಬದಲಾಯಿಸಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂಥದಾದರೆ ಅದನ್ನೂ ಈಗಲೇ ಹಾಕಿಬಿಡಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಈ ಇಡೀ ಪಟ್ಟಿಯಲ್ಲಿ ನಾನು ಪರೀಕ್ಷೆಯಿಲ್ಲದೆ ಬದಲಾಯಿಸಿ ಎನ್ನುವ ಕೆಲವೇ ಭಾಗಗಳಲ್ಲಿ ಇದೊಂದು.

4. ಆಯಿಲ್, ಕೂಲಂಟ್, ಪೆಟ್ರೋಲ್

ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. ಮ್ಯಾನ್ಯುಯಲ್ ಹೇಳಿದ ದರ್ಜೆಯ ಅಗ್ಗದ ಆಯಿಲ್ ಸಾಕು, ಏಕೆಂದರೆ ಇದನ್ನು ಬೇಗ ಮತ್ತೆ ತೆಗೆಯಲಿದ್ದೇವೆ. ಎಂಜಿನ್ ಫ್ಲಶ್ ಎಂದು ಮಾರುವ ದ್ರಾವಣ ಹಳೆ ಎಂಜಿನ್ನಿಗೆ ಬೇಡ. ಅದು ಕೀಳುವ ಗಸಿಯೆಲ್ಲ ಆಯಿಲ್ ಹೀರುವ ಜಾಲರಿಗೆ ಬಂದು ಕಟ್ಟಿಕೊಳ್ಳಬಹುದು.

ಕೂಲಂಟ್ ತೆಗೆಯುವಾಗ ತಟ್ಟೆ ಇಟ್ಟು ಪೂರ್ತಿ ಹಿಡಿಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ನಾಯಿ ಬೆಕ್ಕು ನೆಕ್ಕಿ ಸಾಯುವುದುಂಟು, ಮಕ್ಕಳನ್ನೂ ದೂರವಿಡಿ. ತುಕ್ಕಿನ ನೀರು ಹೋಗುವ ತನಕ ತೊಳೆದು, ಕೂಲಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ಅರ್ಧ ಅರ್ಧ ಬೆರೆಸಿ ತುಂಬಿ. ಉಬ್ಬಿದ, ಒತ್ತಿದರೆ ಬಿರುಕು ತೋರುವ ಹೋಸ್‌ಗಳನ್ನು ಬದಲಾಯಿಸಿ.

ಹಳೆ ಪೆಟ್ರೋಲ್ ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಬೇಗ ಹೊತ್ತಿಕೊಳ್ಳುವ ಅಂಶ ಆರಿಹೋಗಿ ಉಳಿದದ್ದು ಅಂಟಾಗುತ್ತದೆ. ವಾಸನೆ ವಾರ್ನಿಶಿನಂತೆ ಬಂದರೆ ಹೊಸ ಪೆಟ್ರೋಲ್ ಬೆರೆಸಿ ಓಡಿಸುವ ಆಸೆ ಬಿಡಿ. ಟ್ಯಾಂಕ್ ಖಾಲಿ ಮಾಡಿ. ಬಾಯಲ್ಲಿ ಎಳೆಯುವುದು ಬೇಡ, ಕೈಪಂಪ್ ಬಳಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಬಯಲಿನಲ್ಲಿ, ಹಗಲಿನಲ್ಲಿ ಈ ಕೆಲಸ ಮಾಡಿ. ಒಣ ಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಲಿ. ಫ್ಯುಯೆಲ್ ಫಿಲ್ಟರ್ ಬದಲಾಯಿಸಿ. ಪೆಟ್ರೋಲಿನ ರಬ್ಬರ್ ಪೈಪನ್ನು ಬಗ್ಗಿಸಿದಾಗ ಬಿರುಕು ಕಂಡರೆ ಅದನ್ನೂ.

5. ಕರೆಂಟು

ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ, 12.0 ಆಸುಪಾಸಿನಲ್ಲಿದ್ದರೆ ಹೆಚ್ಚುಕಡಿಮೆ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಸತ್ತಿದೆ, ಬ್ಯಾಟರಿ ಹೊಸದೇ ಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಬೆಂಕಿ ಹತ್ತಿರ ತರಬೇಡಿ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಬರೀ ಟಕ್ ಟಕ್ ಎಂದರೆ ಹತ್ತರಲ್ಲಿ ಒಂಬತ್ತು ಜನ ಸ್ಟಾರ್ಟರ್ ಮೋಟರ್ ಬದಲಾಯಿಸಲು ಹೊರಡುತ್ತಾರೆ. ಮೊದಲು ಅರ್ತ್ ನೋಡಿ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ದಪ್ಪ ಪಟ್ಟಿಯೇ ಅರ್ತ್. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಯಾರಿಗಾದರೂ ಕೀ ತಿರುಗಿಸಲು ಹೇಳಿ. 0.2 ವೋಲ್ಟಿನೊಳಗೆ ತೋರಿಸಿದರೆ ಅರ್ತ್ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಆ ಪಟ್ಟಿಯ ಎರಡೂ ತುದಿ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ ಮತ್ತೆ ಬಿಗಿಯಿರಿ. ಖರ್ಚಿಲ್ಲದೆ ಮುಗಿಯುವ ರಿಪೇರಿ ಇದು.

ಬೇರೆ ಗಾಡಿಯಿಂದ ಜಂಪ್ ಕೊಡುವುದಾದರೆ ಪಾಸಿಟಿವ್‌ನಿಂದ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ಕ್ಲಿಪ್ ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ. ಸತ್ತ ಬ್ಯಾಟರಿಯ ಕಂಬಕ್ಕಲ್ಲ. ಕಿಡಿ ಹಾರುವುದು ಕೊನೆಯ ಕ್ಲಿಪ್ಪಿನಲ್ಲೇ.

6. ಮೊದಲ ಸ್ಟಾರ್ಟ್

ಗಾಡಿ ಬಯಲಿನಲ್ಲಿರಲಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಶೆಡ್ಡಿನ ಬಾಗಿಲು ತೆರೆದಿಟ್ಟರೆ ಸಾಲದು.

ಪ್ಲಗ್ ಹಾಕುವ ಮುನ್ನ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ಗುಗಳಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕಳಚಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಮುಚ್ಚಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ನಿನ್ನೆ ಬಿಟ್ಟ ಎಣ್ಣೆ ಹೊರಚಿಮ್ಮುತ್ತದೆ, ಆಯಿಲ್ ಎಲ್ಲ ಕಡೆ ಏರುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಗೇಜ್ ಇದ್ದರೆ ಇದೇ ಹೊತ್ತಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ಅಳೆಯಿರಿ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಬಲ್ಲದು ಎಂದು. ಒಂದೊಂದರ ಅಂಕಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. ಅದು 10ರಿಂದ 15 ಶೇಕಡಾ ಒಳಗಿರಬೇಕು. ಈಗಷ್ಟೇ ಎಣ್ಣೆ ಬಿಟ್ಟಿದ್ದರಿಂದ ಅಂಕಿ ಕೊಂಚ ಹೆಚ್ಚು ಬರುತ್ತದೆ, ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆದದ್ದೇ ನಂಬಿಕೆಗೆ ಅರ್ಹ. ಆಗ ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಅಳೆಯಿರಿ: ಏರಿದರೆ ತೊಂದರೆ ರಿಂಗಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಅವೆರಡರ ನಡುವೆ ಸುಟ್ಟಿರುವುದೇ ಹೆಚ್ಚು.

ಎಲ್ಲ ಜೋಡಿಸಿ ಕೀ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಎಂಬ ಸದ್ದು ಕೇಳಿದರೆ ಪೆಟ್ರೋಲ್ ಪಂಪ್ ಬದುಕಿದೆ. ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ದೀಪ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ.

ಸೆಲ್ಫ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ, ಪೆಟ್ರೋಲ್, ಗಾಳಿ ಈ ಮೂರನ್ನು ಇದೇ ಸಾಲಿನಲ್ಲಿ ನೋಡಿ. ಅದಕ್ಕೂ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಕೀಯ ಚಿತ್ರದ ದೀಪ ಮಿನುಗುತ್ತಿದೆಯೇ ಗಮನಿಸಿ. ಮಿನುಗುತ್ತಿದ್ದರೆ ಕೀಯೊಳಗಿನ ಚಿಪ್ ಗಾಡಿಗೆ ಗುರುತು ಸಿಕ್ಕಿಲ್ಲ, ಕಳ್ಳತನ ತಡೆಯಲೆಂದಿರುವ ಇಮ್ಮೊಬಿಲೈಸರ್ ತಡೆದಿದೆ. ಹಳೆ ಕಾರಿನ ಜತೆ ಚಿಪ್ ಇಲ್ಲದ ನಕಲು ಕೀ ಬಂದಿರುವುದು ಎಷ್ಟೋ ಸಲ ಆಗುತ್ತದೆ. ಆ ಕೀಯಿಂದ ಬಾಗಿಲು ತೆರೆಯುತ್ತದೆ, ಸೆಲ್ಫೂ ತಿರುಗಬಹುದು, ಎಂಜಿನ್ ಮಾತ್ರ ಹೊತ್ತುವುದಿಲ್ಲ. ಪಂಪು, ಪ್ಲಗ್ಗು, ಕಾಯಿಲ್ ಎಲ್ಲ ಬದಲಾಯಿಸಿ ಸುಸ್ತಾದ ಮೇಲೆ ಇದು ಗೊತ್ತಾದರೆ ತುಂಬಾ ಸಿಟ್ಟು ಬರುತ್ತದೆ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇದ್ದರೆ ಅಗ್ಗದ ಸ್ಕ್ಯಾನರ್ ಹಾಕಿ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿ. ಪಿ0301 ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಪಿ0304 ಎಂದರೆ ನಾಲ್ಕನೆಯದು. ಆದರೆ ಕೋಡ್ ತಿಳಿಸುವುದು ಲಕ್ಷಣವನ್ನು ಮಾತ್ರ. ಪಿ0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಇದನ್ನು ಕಂಡು ಅಂಗಡಿಗೆ ಹೋಗಿ, ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತರುವವರೇ ಹೆಚ್ಚು. ಸೆನ್ಸರ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಡೆದ ರಬ್ಬರ್ ಪೈಪೊಂದರಿಂದ ಗಾಳಿ ಒಳಸೇರುತ್ತಿರುತ್ತದೆ. ಪೆಟ್ರೋಲ್ ಫಿಲ್ಟರ್ ಕಟ್ಟಿದರೂ ಇದೇ ಕೋಡ್ ಬರುತ್ತದೆ. ಕಾಯಿಲ್ ಮೇಲೆ ಅನುಮಾನವಿದ್ದರೆ ಒಂದನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿ ನೋಡಿ. ಕೋಡ್ ಪಿ0301ರಿಂದ ಪಿ0303ಕ್ಕೆ ಹೋದರೆ ಕಾಯಿಲೇ ಕೆಟ್ಟಿದೆ. ಪರೀಕ್ಷೆಗೆ ಒಂದು ಪೈಸೆ ಖರ್ಚಾಗಿಲ್ಲ.

ಓಡತೊಡಗಿದ ಮೇಲೆ ಹೊಗೆ ನೋಡಿ. ಮೊದಲ ಐದು ನಿಮಿಷ ಬಿಳಿ ಆವಿ ಬಂದು ನಿಂತರೆ ಸೈಲೆನ್ಸರಿನ ತೇವ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಆಯಿಲ್ಲಿನದು, ಕಪ್ಪು ಹೊಗೆ ಹೆಚ್ಚಾದ ಪೆಟ್ರೋಲಿನದು. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಟೆಂಪರೇಚರ್ ಮುಳ್ಳಿನಿಂದ ಕಣ್ಣು ತೆಗೆಯಬೇಡಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯುವಂತಿಲ್ಲ. ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ತೋರಿಸಿದರೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ.

7. ಬ್ರೇಕು: ಇಲ್ಲಿ ಜಿಪುಣತನ ಬೇಡ

ಎಂಜಿನ್ ಹೊತ್ತಿಕೊಂಡ ಖುಷಿಗೆ ಒಂದು ಸುತ್ತು ಹೋಗಿಬರೋಣ ಅನ್ನಿಸುತ್ತದೆ. ಬೇಡ.

ನಾಲ್ಕೂ ಚಕ್ರ ಬಿಚ್ಚಿ. ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಾಯಿಸಿ. ಡಿಸ್ಕಿನ ಅತಿ ಕಡಿಮೆ ದಪ್ಪ ಎಷ್ಟಿರಬೇಕೆಂದು ಬಹಳಷ್ಟು ಡಿಸ್ಕ್‌ಗಳ ಅಂಚಿನಲ್ಲೋ ನಡುಭಾಗದಲ್ಲೋ ಕೆತ್ತಿರುತ್ತದೆ. ಮೇಲ್ಮೈಯ ತೆಳು ತುಕ್ಕು ಮೊದಲ ಕೆಲವು ಬ್ರೇಕಿಗೇ ಹೋಗುತ್ತದೆ, ಗುಳಿಬಿದ್ದ ತುಕ್ಕು ಹೋಗುವುದಿಲ್ಲ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸತಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 155 ಮಾತ್ರ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಹಳೆಯದನ್ನು ಪೂರ್ತಿ ತೆಗೆದು ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ ತುಂಬಿ. ಸಿಲಿಕೋನಿನ ಡಾಟ್ 5 ಅನ್ನು ಇದರ ಜತೆ ಬೆರೆಸುವಂತಿಲ್ಲ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಪೇಂಟ್ ತಿಂದುಹಾಕುತ್ತದೆ.

ಗಾಳಿ ತೆಗೆಯುವುದಕ್ಕೆ, ಅಂದರೆ ಬ್ಲೀಡ್ ಮಾಡುವುದಕ್ಕೆ, ಇಬ್ಬರು ಬೇಕು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ ಮಾಸ್ಟರ್ ಸಿಲಿಂಡರ್. ಸಾಮಾನ್ಯವಾಗಿ ಅದರಿಂದ ಅತಿ ದೂರದ ಚಕ್ರದಿಂದ ಶುರು. ಕೆಲವು ಮಾಡೆಲ್‌ಗಳಲ್ಲಿ ಕ್ರಮ ಬೇರೆ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್, ಅಂದರೆ ಚಕ್ರದ ಬ್ರೇಕಿನ ಮೇಲಿರುವ ಗಾಳಿ ಬಿಡುವ ಸಣ್ಣ ಸ್ಕ್ರೂ, ತುಸು ಸಡಿಲಿಸಿ, ಆಯಿಲ್ ಹೊರಬಂದ ಮೇಲೆ ಬಿಗಿದು, ಆಮೇಲೆ ಪೆಡಲ್ ಬಿಡಬೇಕು. ಮೇಲಿನ ಡಬ್ಬಿ ಎಂದೂ ಖಾಲಿಯಾಗಬಾರದು. ನಿಂತ ಗಾಡಿಗೆಂದೇ ಒಂದು ಎಚ್ಚರಿಕೆ: ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲ ಮುಟ್ಟುವ ತನಕ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗ ದಿನಬಳಕೆಯಲ್ಲಿ ಉಜ್ಜದೆ ಅಲ್ಲಿ ತುಕ್ಕು ಕೂತಿರುತ್ತದೆ. ಸೀಲ್ ಅಲ್ಲಿಗೆ ಹೋದರೆ ಹರಿಯುತ್ತದೆ, ಬ್ಲೀಡ್ ಮಾಡುವ ಮೊದಲು ಚೆನ್ನಾಗಿದ್ದ ಬ್ರೇಕು ಆಮೇಲೆ ಕೈಕೊಡುತ್ತದೆ.

ಒಂದು ಚಕ್ರ ಮಾತ್ರ ಹಿಡಿದುಕೊಂಡೇ ಇದ್ದರೆ ಅದರ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿಯಿದೆ, ರಬ್ಬರ್ ಹೋಸ್ ಒಳಗೆ ಊದಿಕೊಂಡು ಒತ್ತಡ ಹಿಂದಕ್ಕೆ ಬರದಂತೆ ತಡೆಯುತ್ತಿದೆ. ಚಿಮ್ಮಿಯೂ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ ಅಥವಾ ಜಾರುವ ಪಿನ್ ತುಕ್ಕು ಹಿಡಿದಿದೆ.

ಪ್ಯಾಡು, ಬ್ರೇಕ್ ಹೋಸು, ಟೈಮಿಂಗ್ ಬೆಲ್ಟು, ಸೀಟ್ ಬೆಲ್ಟು, ಟೈರು ಇವನ್ನು ಗುಜರಿಯಿಂದ ತರಬೇಡಿ. ಬಾಗಿಲು, ಕನ್ನಡಿ, ದೀಪ, ಸೀಟು, ಸ್ಟಾರ್ಟರ್, ಆಲ್ಟರ್ನೇಟರ್, ಕಿಟಕಿ ಎತ್ತುವ ಮೋಟರ್ ಧಾರಾಳವಾಗಿ ತನ್ನಿ. ಬಿಡಿಭಾಗದ ಸಂಖ್ಯೆ ಹಳೆಯದರ ಮೇಲೆಯೇ ಇರುತ್ತದೆ, ಹೋಲಿಸಿ ತೆಗೆದುಕೊಳ್ಳಿ.

8. ಟೈರು, ತುಕ್ಕು, ಬಣ್ಣ

ಟೈರಿನ ಬದಿಯಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೀರುಗಳು ಆಳವಿವೆ ಎಂದು ಹತ್ತು ವರ್ಷ ಹಳೆಯ ಟೈರಿನಲ್ಲಿ ಹೊರಡಬೇಡಿ, ಬದಿಯಲ್ಲಿ ಬಿರುಕಿದ್ದರೆ ಅದಕ್ಕೂ ಮೊದಲೇ ಬದಲಾಯಿಸಿ. ಸ್ಟೆಪ್ನಿಯನ್ನೂ ನೋಡಿ.

ಬಣ್ಣದ ಕೆಲಸ ಮೂರನೇ ಪಟ್ಟಿಯದು, ಗಾಡಿ ಓಡಿ ತಪಾಸಣೆಯಲ್ಲಿ ಪಾಸಾದ ಮೇಲೆ. ತುಕ್ಕನ್ನು ಮಾತ್ರ ಈಗಲೇ ತಡೆಯಿರಿ. ವೈರ್ ಬ್ರಶ್ಶಿನಿಂದ ಲೋಹ ಕಾಣುವಷ್ಟು ಕೆರೆದು, ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಕೊಡಿ. ತುಕ್ಕಿನ ಮೇಲೆಯೇ ಪುಟ್ಟಿ ಹಚ್ಚಿದರೆ ಬೇಗನೆ ಗುಳ್ಳೆ ಏಳುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹರಿದುಹೋಗುವ ಸಣ್ಣ ತೂತುಗಳಿರುತ್ತವೆ, ಕಡ್ಡಿ ಹಾಕಿ ಬಿಡಿಸಿ.

9. ಮೊದಲ ಓಟ

ವಿಮೆ, ನೋಂದಣಿ, ತಪಾಸಣೆ ಮುಗಿಯುವ ತನಕ ಖಾಸಗಿ ಜಾಗದಲ್ಲೇ ಓಡಿಸಿ. ನಡಿಗೆಯ ವೇಗದಲ್ಲಿ ಮೊದಲು ಬ್ರೇಕ್, ಆಮೇಲೆ ಹ್ಯಾಂಡ್‌ಬ್ರೇಕ್. ಕ್ಲಚ್ ಒತ್ತಿದರೂ ಗೇರ್ ಕರಕರ ಎಂದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿರಬಹುದು. ಬಿಚ್ಚುವ ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ ನೋಡಿ, ಕೆಲವು ಸಲ ತಾನೇ ಬಿಡುತ್ತದೆ.

ಒಂದೆರಡು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಬೇರಿಂಗ್ ಹೋಗಿದೆ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ. ಬೆಳಗ್ಗೆ ಬಿದ್ದ ಕಲೆ ಕಪ್ಪಾಗಿದ್ದರೆ ಆಯಿಲ್, ಹಸಿರೋ ಗುಲಾಬಿಯೋ ಆಗಿದ್ದರೆ ಕೂಲಂಟ್, ಚಕ್ರದ ಒಳಬದಿಯಲ್ಲಿ ತಿಳಿ ಜಿಡ್ಡಾಗಿದ್ದರೆ ಬ್ರೇಕ್ ಆಯಿಲ್. ಕೊನೆಯದು ಕಂಡರೆ ಗಾಡಿ ಅಲ್ಲಿಂದ ಕದಲಕೂಡದು. ಎರಡು ದಿನಕ್ಕೇ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲ ಆಫ್ ಮಾಡಿ ಅರ್ಧಗಂಟೆ ಬಿಟ್ಟು, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಕಳಚಿದ ತಂತಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಜೋಡಿಸಿ. 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ.

ಚಕ್ರದ ನಟ್ಟುಗಳನ್ನು 50ರಿಂದ 100 ಕಿಲೋಮೀಟರ್ ನಡುವೆ ಒಮ್ಮೆ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಯಿರಿ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ, ಈ ಸಲ ಒಳ್ಳೆಯದನ್ನೇ ಹಾಕಿ. ತೆಗೆದ ಆಯಿಲ್ಲನ್ನೂ ಕೂಲಂಟನ್ನೂ ಬೇರೆ ಬೇರೆ ಡಬ್ಬಿಗೆ ತುಂಬಿ, ಒಂದಕ್ಕೊಂದು ಸೇರಿಸದೆ, ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡಿ, ಚರಂಡಿಗೆ ಸುರಿಯಬೇಡಿ. ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಡಿತ ಸಿಗುವುದುಂಟು, ಕೇಳಿ ನೋಡಿ.